ಕೊನೆಗಾರರನ್ನು ನಂಬೋದು ಹೇಗೆ? ಅನುಭವ ಇದ್ದವರು ಹೇಳಿ

ತೀರ್ಥಹಳ್ಳಿ ಕಡೆ ನಮ್ಮದು ಎರಡೆಕರೆ ಅಡಿಕೆ ತೋಟ. ಅಪ್ಪ ತೀರಿಕೊಂಡ ಮೇಲೆ ಬೆಂಗಳೂರಿಂದ ನಾನೇ ನೋಡಿಕೊಳ್ಳಬೇಕು. ಔಷಧಿ ಹೊಡೆಯಲು, ಕೊನೆ (ಅಡಿಕೆ ಗೊನೆ) ತೆಗೆಯಲು ಮರ ಹತ್ತುವ ಕೊನೆಗಾರರಲ್ಲಿ ಯಾರನ್ನು ನಂಬಲಿ? ನಂಬಿಕಸ್ಥರು ಅಂತ ಹೇಗೆ ಗೊತ್ತಾಗುತ್ತದೆ?

ಹೊಸನಗರದಿಂದ:
ತಮ್ಮಾ, ಬೇರೆ ಕೆಲಸವಾದರೆ ಪಕ್ಕದಲ್ಲಿ ನಿಂತು ನೋಡಬಹುದು. ಇಲ್ಲಿ ಅವನು 40 ಅಡಿ ಮೇಲೆ, ನಾವು ಕೆಳಗೆ ಕೊಡೆ ಹಿಡಿದು. (ಈಗ ಕೆಳಗೇ ನಿಂತು ದೋಟಿಯಲ್ಲಿ, ಅಂದರೆ ಉದ್ದ ಕೋಲಿನಲ್ಲಿ, ಹೊಡೆಯುವವರೂ ಇದ್ದಾರೆ. ನಮ್ಮದು ಹಳೇ ತೋಟ, ಹತ್ತಲೇಬೇಕು.) ಕೊನೆಯ ಹಿಂಬದಿ ನೆನೆಯಿತೋ ಇಲ್ಲವೋ ಅವನಿಗೆ ಮಾತ್ರ ಗೊತ್ತು. ನಮಗೆ ಗೊತ್ತಾಗುವುದು ಕೊಳೆ ರೋಗ ಬಂದು ಕಾಯಿ ಉದುರಿದಾಗ. ಆಗಲೂ 'ಮಳೆ ಜಾಸ್ತಿ ಆಯ್ತಲ್ಲ ಅಕ್ಕ' ಅಂದರೆ ಮುಗಿಯಿತು.

ಕೊಳೆಗೆ ಹೊಡೆಯುವ ಔಷಧಿ, ಬೋರ್ಡೋ ದ್ರಾವಣ, ಸರಿ ಇದೆಯಾ ಅಂತ ನೋಡಬಹುದು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಉಜ್ಜಿದ ಕತ್ತಿಯ ತುದಿ ಅದ್ದಿ ತೆಗೆ, ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು. ನಮ್ಮ ಕೊನೆಗಾರ ನಾನು ಕೇಳದೆಯೇ ಇದನ್ನು ತೋರಿಸಿದ್ದ. ಆದರೆ ಅವನ ಮೇಲೆ ನಂಬಿಕೆ ಬಂದಿದ್ದು ಅದರಿಂದಲ್ಲ.

ಒಂದು ಆಷಾಢದಲ್ಲಿ ಔಷಧಿ ಹೊಡೆದು ಹೋದವನು ರಾತ್ರಿ ಫೋನ್ ಮಾಡಿದ. 'ಅಕ್ಕ, ಹಳ್ಳದ ಬದಿಯ ಎರಡು ಸಾಲು ಬಿಟ್ಟಿದ್ದೇನೆ. ಮರ ಜಾರುತ್ತಿತ್ತು, ಹೆದರಿಕೆ ಆಯ್ತು. ಅಷ್ಟು ದುಡ್ಡು ಹಿಡ್ಕೊಳ್ಳಿ. ಹೊಳವಾದ ಮೇಲೆ ಬರ್ತೀನಿ.' ನಾನು ಆ ಕಡೆ ಇಳಿದೇ ಇರಲಿಲ್ಲ. ಹೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಮಳೆ ವಾರವಾದರೂ ಬಿಡಲಿಲ್ಲ, ಆ ಎರಡು ಸಾಲಿಗೆ ಕೊಳೆ ಬಂತು. ಆದರೂ ಅಂದಿನಿಂದ ಅವನ ಹಿಂದೆ ಕೊಡೆ ಹಿಡಿದು ತಿರುಗುವುದನ್ನು ಬಿಟ್ಟೆ. 'ಎಲ್ಲಾ ಆಯ್ತು, ಆರಾಮಾಗಿರಿ' ಅಂದವರ ಹಿಂದೆ ಮಾತ್ರ ಸುಮ್ನೆ ತೋಟಕ್ಕೊಂದು ಸುತ್ತು ಹಾಕುತ್ತೇನೆ.

ಸಾಗರದಿಂದ:
ನಂದು ಉಲ್ಟಾ ಕಥೆ ಮಾರಾಯ್ರೆ. 2021ರಲ್ಲಿ ಮೊದಲೇ ಹಸಿ ಅಡಿಕೆಗೆ ರೇಟು ಮಾತಾಡಿ ಚೇಣಿಗೆ (ಫಸಲು ಗುತ್ತಿಗೆಗೆ) ಕೊಟ್ಟಿದ್ದೆ. ಬರೀ ಬಾಯಿಮಾತು. ಆ ವರ್ಷ ರಾಶಿ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಕ್ವಿಂಟಾಲಿಗೆ 50,000 ದಾಟಿತಲ್ಲ, ನನ್ನ ಬುದ್ಧಿ ಕೆಟ್ಟಿತು. ಎರಡನೇ ಕೊಯ್ಲನ್ನು ಬೇರೆಯವರಿಗೆ ತೂಗಿಬಿಟ್ಟೆ. ಚೇಣಿಯವರು ಜಗಳಕ್ಕೇನೂ ಬರಲಿಲ್ಲ. ಮಾರನೇ ವರ್ಷ ಕೊನೆಗಾರನೂ ಬರಲಿಲ್ಲ, ಸುಲಿಯುವವರೂ ಬರಲಿಲ್ಲ. ಊರು ಚಿಕ್ಕದು ನೋಡಿ. ನೀವು ದೂರ ಇರುವವರು, ಕೂಲಿಯನ್ನು ಅವತ್ತೇ ಸಂಜೆ ಹಾಕಿಬಿಡಿ.

ಹೊಸನಗರದಿಂದ:
ಅಂದ ಹಾಗೆ ತಮ್ಮಾ, ನಿಮ್ಮ ಅಪ್ಪನ ಕಾಲದಲ್ಲಿ ಕೊನೆ ತೆಗೆಯುತ್ತಿದ್ದವರು ಯಾರು? ಮೊದಲು ಅವರ ಮನೆಗೆ ಹೋಗಿ ಬಾ. ಹಳೇ ಬಾಕಿ ಏನಾದರೂ ಉಳಿದಿದೆಯಾ ಕೇಳು.