ಪದಚರ್ಚೆ: ‘ಡಚ್ ಓವನ್’ಗೆ ಕನ್ನಡದಲ್ಲಿ ಏನೆನ್ನೋಣ? ಶುಕ್ರವಾರದೊಳಗೆ ಬೇಕು

ಪ್ರಶ್ನೆ: ಸಾಲ್ಟ್ ಲೇಕ್ ಸಿಟಿಯಿಂದ

ಬಳಗದವರಿಗೆ ನಮಸ್ಕಾರ. ಶುಕ್ರವಾರ ಸಂಜೆ ಒಂದು ಹಲಗೆ ಬರೆಯಬೇಕು, ಪದ ಸಿಕ್ಕಿಲ್ಲ.

ನಮ್ಮ ಭಾನುವಾರದ ಕನ್ನಡ ತರಗತಿಯ ಹನ್ನೊಂದು ಮಕ್ಕಳು ಇಲ್ಲಿನ ಸ್ಕೌಟ್ ಪಡೆಯಲ್ಲಿದ್ದಾರೆ. ಈ ವಾರಾಂತ್ಯ ಯುಯಿಂಟಾ ಬೆಟ್ಟಗಳಲ್ಲಿ ಎರಡು ರಾತ್ರಿಯ ಶಿಬಿರ. ಶನಿವಾರದ ಸಿಹಿಯನ್ನು ಮಕ್ಕಳೇ ಡಚ್ ಓವನ್‌ನಲ್ಲಿ ಮಾಡುತ್ತಾರೆ. ಊರಿನಿಂದ ಬಂದಿರುವ ಅಜ್ಜ ಅಜ್ಜಿಯರೂ ಆ ಸಂಜೆ ಅಲ್ಲಿರುತ್ತಾರೆ. ಅವರ ಮುಂದೆ ಮಕ್ಕಳು ಓದಿ ಹೇಳಲಿ ಎಂದು ಕನ್ನಡದ ಹಲಗೆ ನಿಲ್ಲಿಸುವ ಆಸೆ ನನ್ನದು.

ನೋಡದವರಿಗಾಗಿ: ಎರಕ ಹೊಯ್ದ ದಪ್ಪ ಕಬ್ಬಿಣದ ಅಗಲಬಾಯಿಯ ಪಾತ್ರೆ, 12 ಅಂಗುಲ ಅಡ್ಡಳತೆ, ಕೆಳಗೆ ಮೂರು ಗಿಡ್ಡ ಕಾಲು. ಮುಚ್ಚಳ ಚಪ್ಪಟೆ, ಅದರ ಸುತ್ತ ಮೇಲೆದ್ದ ಅಂಚು. ಮುಚ್ಚಳದ ಮೇಲೆ ಇಟ್ಟ ಕೆಂಡ ಉರುಳಿ ಬೀಳದಂತೆ ಆ ಅಂಚು ತಡೆಯುತ್ತದೆ. ಯೂಟಾ ಇದನ್ನು 1997ರಲ್ಲಿ ರಾಜ್ಯದ ಅಧಿಕೃತ ಅಡುಗೆ ಪಾತ್ರೆ ಎಂದೇ ಘೋಷಿಸಿದೆ. ನಮ್ಮಲ್ಲಿ ರಾಜ್ಯಪಕ್ಷಿ, ರಾಜ್ಯವೃಕ್ಷ ಇರುವ ಹಾಗೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಇದು ನಮ್ಮ ಹಂಡೆ, ಒರಳುಗಳಷ್ಟೇ ಮನೆಯ ವಸ್ತು.

ಮಾಡುವ ಸಿಹಿ ಸುಲಭದ್ದು. ಎರಡು ಡಬ್ಬಿ ಪೀಚ್ ಹಣ್ಣು ಪಾಕದ ಸಮೇತ, ಅದರ ಮೇಲೆ ಒಂದು ಪೊಟ್ಟಣ ಕೇಕಿನ ಒಣಹಿಟ್ಟು, ಅದರ ಮೇಲೆ ಬೆಣ್ಣೆಯ ತೆಳು ಹೋಳುಗಳು. ಕಲಸುವ ಹಾಗಿಲ್ಲ. ಮುಚ್ಚಳದ ಮೇಲೆ 15 ಕೆಂಡ, ಅಡಿಯಲ್ಲಿ 9, ಮುಕ್ಕಾಲು ಗಂಟೆ. ಇದಕ್ಕೆ ಇಲ್ಲಿ ಡಂಪ್ ಕೇಕ್ ಎನ್ನುತ್ತಾರೆ. ಪಾತ್ರೆಗೂ ಕೇಕಿಗೂ ಹೆಸರು ಬೇಕು. ಹಲಗೆ ಒಂದೂವರೆ ಅಡಿ ಅಗಲವಿದೆ, ವಿವರಣೆ ಹಿಡಿಸುವುದಿಲ್ಲ.

ಉತ್ತರ: ಮೈಸೂರಿನಿಂದ

ಎರಕದ ಬೋಗುಣಿ. ‘ಬೀಡುಪಾತ್ರೆ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದದ ಸಲ್ಲದ ಜೋಡಣೆ, ಬೇಡ.

ಉತ್ತರ: ಧಾರವಾಡದಿಂದ

ಏಕೆ ಬೇಡ? ಈ ವಸ್ತುವಿಗೆ ‘ಬೀಡು’ವಿನಷ್ಟು ಒಪ್ಪುವ ಪದವೇ ಇಲ್ಲ. ನಮ್ಮ ಕಡೆ ಬೀಡಿನ ಹಂಚು, ಬೀಡಿನ ಬುಟ್ಟಿ ಎಂದು ಎರಕದ ಕಬ್ಬಿಣದ ಸಾಮಾನಿಗೆ ದಿನವೂ ಹೇಳುತ್ತೇವೆ. ಪಠ್ಯಪುಸ್ತಕದಲ್ಲಿ ಬೀಡುಕಬ್ಬಿಣ ಇದೆ. ಅದರ ಜೊತೆಗೆ ಬೀಡು ಎಂದರೆ ಶಿಬಿರ. ಬೀಡು ಬಿಟ್ಟರು ಎನ್ನುತ್ತೇವೆ, ಹಳೇಬೀಡು ಇದೆ, ಶಾಸನಗಳಲ್ಲಿ ನೆಲೆವೀಡು ಇದೆ. ಬೀಡಿನಲ್ಲಿ ಬೀಡಿನ ಪಾತ್ರೆ! ಇಂಥ ಕೂಡಿಕೆ ಬೇರೆ ಯಾವ ಭಾಷೆಗೆ ಒದಗೀತು?

ಎರಡೂ ಒಂದೇ ಧಾತುವಿನವು ಎಂಬುದು ನನ್ನ ಬಹುದಿನದ ನಂಬಿಕೆ. ಕೆಡು–ಕೇಡು, ಪಡು–ಪಾಡು, ಬಿಡು–ಬೀಡು. ದಂಡು ಇಳಿದು ಹೊರೆ ಬಿಟ್ಟ ಜಾಗ ಬೀಡು. ಕುಲುಮೆಯಿಂದ ಕರಗಿಸಿ ಅಚ್ಚಿಗೆ ಬಿಟ್ಟ ಲೋಹವೂ ಬೀಡು. ಅಚ್ಚಿಗೆ ಬಿಡುವುದೇ ಎರಕ, ತಾನೆ?

ಉತ್ತರ: ಬೆಳಗಾವಿಯಿಂದ

ಅಲ್ಲ. ಅಚ್ಚಿಗೆ ಎರೆಯುವುದು ಎರಕ. ದೋಸೆ ಎರೆಯುತ್ತೇವೆ, ತಲೆಗೆ ನೀರೆರೆಯುತ್ತೇವೆ, ಅದೇ ಎರೆ. ಶಿಬಿರದ ಬೀಡು ಬಿಡುವಿನಿಂದ ಬಂದದ್ದು ಸರಿ. ಕಬ್ಬಿಣದ ಬೀಡು ಮರಾಠಿಯ ಬೀಡ್. ಗಡಿಯಾಚೆ ಯಾವ ಸಂತೆಗೆ ಹೋದರೂ ‘ಬಿಡಾಚಾ ತವಾ’ ಎಂದೇ ಮಾರುತ್ತಾರೆ. ಮರಾಠಿಯಲ್ಲಿ ‘ಬಿಡು’ ಎಂಬ ಕ್ರಿಯಾಪದವಿಲ್ಲ. ಎರಡು ಪದ ಕಿವಿಗೆ ಒಂದೇ ಆದ ಮಾತ್ರಕ್ಕೆ ತಾಯಿಯೂ ಒಬ್ಬಳೇ ಆಗುವುದಿಲ್ಲ.

ಉತ್ತರ: ಮೈಸೂರಿನಿಂದ

ಬೆಳಗಾವಿಯವರು ಹೇಳಿದ್ದಾಯಿತು. ವ್ಯಾಕರಣಕ್ಕೆ ಬರೋಣ. ದೇಶ್ಯಕ್ಕೆ ತತ್ಸಮವನ್ನು ನೇರ ಅಂಟಿಸಬಾರದೆಂದು ಕೇಶಿರಾಜ 13ನೇ ಶತಮಾನದಲ್ಲೇ ಹೇಳಿದ್ದು ಕಿವಿಯನ್ನು ನೆಚ್ಚಿ. ‘ಬೀಡುಪಾತ್ರೆ’ ಎಂದು ಹತ್ತು ಸಲ ಹೇಳಿ ನೋಡಿ, ನಡುವೆ ನಾಲಗೆ ಎಡವುತ್ತದೆ.

ಉತ್ತರ: ಧಾರವಾಡದಿಂದ

ನನ್ನ ನಾಲಗೆ ಎಡವಲಿಲ್ಲ. ‘ಮಳೆಗಾಲ’ ಎನ್ನುವಾಗ ನಿಮ್ಮದೂ ಎಡವುವುದಿಲ್ಲ. ಕಾಲ ಎಲ್ಲಿಯದು? ಮರಾಠಿಯಿಂದ ಬಂದಿದ್ದರೇನು, ಬೋಗುಣಿಯೂ ಮರಾಠಿ ಭೋಗುಣೆಯ ನೆಂಟನೇ. ಅದನ್ನು ನೀವೇ ಮೊದಲ ಉತ್ತರದಲ್ಲಿ ಕೊಟ್ಟಿದ್ದೀರಿ.

ಉತ್ತರ: ಬೆಂಗಳೂರಿನಿಂದ

ನಾನು ಅಡುಗೆ ಪುಸ್ತಕಗಳನ್ನು ಅನುವಾದಿಸುತ್ತೇನೆ. ನನ್ನ ಸಲಹೆ: ‘ಡಚ್ ಓವನ್’ ಎಂದೇ ಬರೆಯಿರಿ. ಬಿಸ್ಕತ್ತು, ಬ್ರೆಡ್ಡು, ಕುಕ್ಕರು ಒಗ್ಗಿದ ಹಾಗೆ ಇದೂ ಒಗ್ಗುತ್ತದೆ. ಮಕ್ಕಳು ಅಂಗಡಿಗೆ ಹೋದರೆ ಕೇಳುವುದೂ ಇದನ್ನೇ. ಹೊಸದಾಗಿ ಕಟ್ಟಿದ ಪದಕ್ಕೆ ಯಾವಾಗಲೂ ಒಂದು ಅಡಿಟಿಪ್ಪಣಿ ಬೇಕಾಗುತ್ತದೆ, ಆ ಟಿಪ್ಪಣಿಯಲ್ಲಿ ಮತ್ತೆ ಇಂಗ್ಲಿಷ್ ಪದವೇ ಕೂತಿರುತ್ತದೆ. ನನ್ನ ಹಸ್ತಪ್ರತಿಗಳಲ್ಲಿ ಇದನ್ನು ನೋಡಿ ಸಾಕಾಗಿದೆ.

ಉತ್ತರ: ಶಿವಮೊಗ್ಗದಿಂದ

ಒಪ್ಪುವುದಿಲ್ಲ. ಆ ಪಾತ್ರೆಯನ್ನು ಡಚ್ಚರೇ ಡಚ್ಚರದು ಎನ್ನುವುದಿಲ್ಲ, ಅವರ ಭಾಷೆಯಲ್ಲಿ ಅದು ಬ್ರಾಡ್‌ಪಾನ್, ಅಂದರೆ ಹುರಿಯುವ ಪಾತ್ರೆ. ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ 1707ರಲ್ಲಿ ಮರಳಚ್ಚಿನಲ್ಲಿ ಕಬ್ಬಿಣದ ಪಾತ್ರೆ ಎರೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದ. ಹಿತ್ತಾಳೆಯನ್ನು ಹಾಗೆ ಎರೆಯುವುದನ್ನು ಅವನು ಡಚ್ಚರಿಂದ ಕಲಿತ, ಅದರಿಂದ ಈ ಹೆಸರು ಎಂಬುದು ಒಂದು ವಿವರಣೆ. ಊರೂರು ತಿರುಗಿ ಮಾರಿದ ಡಚ್ ವ್ಯಾಪಾರಿಗಳಿಂದ ಬಂತು ಎಂಬುದು ಇನ್ನೊಂದು. ಪೆನ್ಸಿಲ್ವೇನಿಯಾದ ಜರ್ಮನರನ್ನು ಡಚ್ಚರೆಂದು ಕರೆಯುತ್ತಿದ್ದದ್ದೇ ಕಾರಣ ಎಂಬುದು ಮತ್ತೊಂದು. ಇಷ್ಟು ಗೊಂದಲದ ವಿಶೇಷಣವನ್ನು ನಾವೇಕೆ ಹೊರಬೇಕು? ಆಸ್ಟ್ರೇಲಿಯಾದವರು ಇಂಗ್ಲಿಷಿನಲ್ಲೇ ಅದನ್ನು ಬಿಟ್ಟು ಕ್ಯಾಂಪ್ ಓವನ್ ಎನ್ನುತ್ತಾರೆ.

ಹೊರಗಿನ ವಸ್ತುವಿಗೆ ಹೆಸರಿಡಲು ಕನ್ನಡಕ್ಕೆ ತನ್ನದೇ ದಾರಿ ಇದೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು. ಫಿರಂಗಿಯವರು ತಂದದ್ದು ಪರಂಗಿ ಹಣ್ಣು. ಮೆಣಸಿನಕಾಯಿ ಹಡಗಿನಲ್ಲಿ ಬಂದಾಗ ಯಾರೂ ಅದರ ಮೂಲ ಹೆಸರು ಕೇಳಲಿಲ್ಲ. ಖಾರವಿತ್ತು, ಮನೆಯಲ್ಲಿ ಮೆಣಸಿತ್ತು, ಕಾಯಿಯಾಗಿತ್ತು, ಹೆಸರಾಯಿತು. ಆದ್ದರಿಂದ ಸೀಮೆಗಡಿಗೆ. ಗಡಿಗೆ ತದ್ಭವ, ಮೈಸೂರಿನವರೂ ಸುಮ್ಮನಿರಬಹುದು.

ಉತ್ತರ: ಮೈಸೂರಿನಿಂದ

ಸುಮ್ಮನಿರುವುದಿಲ್ಲ. ಗಡಿಗೆಯ ಬಾಯಿ ಕಿರಿದು. ಅಗಲಬಾಯಿ ಎಂದು ಪ್ರಶ್ನೆಯಲ್ಲೇ ಇದೆ, ಓದಿ.

ಉತ್ತರ: ಬೆಂಗಳೂರಿನಿಂದ

ಇನ್ನೊಂದು ಮಾತು. ಯೂಟಾದಲ್ಲಿ ಹುಟ್ಟಿದ ಹುಡುಗಿಗೆ ಅದು ಸೀಮೆಯದು ಹೇಗಾಗುತ್ತದೆ? ಅವಳ ಪಾಲಿಗೆ ಸೀಮೆಯಿಂದ ಬಂದದ್ದು ನಮ್ಮ ಒಗ್ಗರಣೆ ಸೌಟು. ಯಾರ ಅಂಗಳದಲ್ಲಿ ನಿಂತು ಹೆಸರಿಡುತ್ತಿದ್ದೇವೆ ಎಂಬುದನ್ನು ಯೋಚಿಸಿ.

ಉತ್ತರ: ಪುತ್ತೂರಿನಿಂದ

ಎಲ್ಲರೂ ಪಾತ್ರೆ ಯಾವ ಲೋಹದ್ದು, ಯಾವ ದೇಶದ್ದು ಎಂದು ಕೇಳುತ್ತಿದ್ದೀರಿ. ಅದು ಹೇಗೆ ಬೇಯಿಸುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಮೇಲೂ ಕೆಂಡ, ಕೆಳಗೂ ಕೆಂಡ. ಇದು ತುಳುನಾಡಿಗೆ ಹೊಸದೇ ಅಲ್ಲ.

ನಮ್ಮಲ್ಲಿ ಗೆಂಡದಡ್ಯೆ ಎಂಬ ತಿಂಡಿ ಇದೆ. ತುಳುವಿನಲ್ಲಿ ಗೆಂಡ ಎಂದರೆ ಕೆಂಡ, ಅಡ್ಯೆ ಎಂದರೆ ಕಡುಬಿನ ಜಾತಿಯದು. ಅಕ್ಕಿ, ತೆಂಗಿನಕಾಯಿ, ಬೆಲ್ಲ ರುಬ್ಬಿ, ಸೌತೆಕಾಯಿಯನ್ನೋ ಹಲಸಿನ ಹಣ್ಣನ್ನೋ ಸೇರಿಸಿ, ಬಾಳೆಲೆ ಹಾಸಿದ ಉರುಳಿ ಎಂಬ ಪಾತ್ರೆಗೆ ಅಮ್ಮ ಹಿಟ್ಟು ಸುರಿಯುತ್ತಿದ್ದರು. ಅಡಿಯಲ್ಲಿ ಹರಡಿದ ಕೆಂಡ, ಮೇಲೆ ಮುಚ್ಚಿದ ತಟ್ಟೆಯಲ್ಲಿ ತೆಂಗಿನ ಗೆರಟೆಯ ಕೆಂಡ. ತಟ್ಟೆಯನ್ನು ಓರೆಯಾಗಿ ಎತ್ತಿದರೆ ಬೂದಿ ಸೀದಾ ಅಡ್ಯೆಯ ಮೇಲೆ ಬೀಳುತ್ತದೆ. ಅದಕ್ಕೇ ಮೊದಲು ಬೂದಿಯನ್ನು ಊದಿ, ತಟ್ಟೆಯ ಎರಡೂ ಬದಿಗೆ ಬಟ್ಟೆ ಹಿಡಿದು, ಉಸಿರು ಬಿಗಿಹಿಡಿದು ನೆಟ್ಟಗೆ ಎತ್ತುತ್ತಿದ್ದರು. ಆಗ ನಾವು ಮಕ್ಕಳು ಹತ್ತಿರ ಸುಳಿಯುವ ಹಾಗಿರಲಿಲ್ಲ. ಮೇಲ್ಮೈ ಕಂದಾಗಿ, ಅಂಚಿನಲ್ಲಿ ಬೆಲ್ಲ ಕರಗಿ ಗಟ್ಟಿಯಾಗಿರುತ್ತಿತ್ತು. ಆ ಅಂಚಿಗೆ ಜಗಳ.

ಕೊಂಕಣಿಯವರ ಸೌತೆಕಾಯಿ ತಿಂಡಿ ತವಸಳಿಯೂ ಹೀಗೆಯೇ. ಗೋವೆಯ ಸಿಹಿ ಬೆಬಿಂಕ ಪದರ ಪದರವಾಗಿ ಮೇಲಿನ ಕೆಂಡದ ಕಾವಿನಲ್ಲೇ ಬೇಯುತ್ತದೆ. ಮೇಲೆ ಹೆಚ್ಚು, ಕೆಳಗೆ ಕಡಿಮೆ ಎಂಬ ಲೆಕ್ಕವೂ ಅದೇ. ನಿಮ್ಮ ಹದಿನೈದು–ಒಂಬತ್ತನ್ನು ಅಮ್ಮ ಎಣಿಸುತ್ತಿರಲಿಲ್ಲ, ತಟ್ಟೆಯ ಮೇಲೆ ಅಂಗೈ ಹಿಡಿದು ನೋಡುತ್ತಿದ್ದರು.

ಹೆಸರು ಕೆಂಡದಿಂದಲೇ ಹುಟ್ಟಬೇಕು. ಮೈಸೂರಿನವರ ಬೋಗುಣಿ ಇರಲಿ, ಅಗಲಬಾಯಿಗೆ ಅದೇ ಸರಿ. ‘ಕೆಂಡದ ಬೋಗುಣಿ’ ಎಂದು ಬಿಡಿಸಿಯೇ ಬರೆದರೆ ಸಮಾಸವೇ ಇಲ್ಲ, ಅರಿಯೂ ಇಲ್ಲ. ಊರಿನ ಅಜ್ಜಿ ಓದಿದರೆ ಅದರಿಂದ ಏನು ಮಾಡುತ್ತಾರೆಂದು ಯಾರೂ ವಿವರಿಸಬೇಕಾಗಿಲ್ಲ.

ಉತ್ತರ: ಧಾರವಾಡದಿಂದ

ಅಗ್ಗಿಷ್ಟಿಕೆ ಎಂದುಕೊಂಡಾರು, ಕೆಂಡ ತುಂಬುವ ಬೋಗುಣಿ ಎಂದು. ‘ಬೀಡಿನ ಬೋಗುಣಿ’ ಎಂದರೆ ಆ ತೊಡಕಿಲ್ಲ, ಷಷ್ಠಿಯೂ ಆಯಿತು. ವ್ಯುತ್ಪತ್ತಿಯ ಮಾತು ಹಿಂದೆಗೆದುಕೊಳ್ಳುತ್ತೇನೆ, ಪದವನ್ನಲ್ಲ.

ಉತ್ತರ: ಬೆಳಗಾವಿಯಿಂದ

ಇದು ಪರವಾಗಿಲ್ಲ. ಆದರೆ ‘ಬೀಡಿನ’ ಎಂದು ಓದಿದ ಹಳೇ ಮೈಸೂರಿನ ಅಜ್ಜಂದಿರಿಗೆ ಕಬ್ಬಿಣ ಹೊಳೆಯುವುದಿಲ್ಲ. ಕೆಂಡ ಬೀದರಿನಿಂದ ಮಂಗಳೂರಿನವರೆಗೂ ಕೆಂಡವೇ. ನನ್ನ ಒಲವು ಪುತ್ತೂರಿನ ಕಡೆಗೆ.

ಉತ್ತರ: ಬೆಂಗಳೂರಿನಿಂದ

ಗೆಂಡದಡ್ಯೆಯನ್ನು ನಾನು ಮರೆತೇಬಿಟ್ಟಿದ್ದೆ. ಪುಸ್ತಕಕ್ಕೆ ನಾನು ಡಚ್ ಓವನ್ ಎಂದೇ ಬರೆಯುತ್ತೇನೆ, ಕೊಳ್ಳುವವರಿಗೆ ಅದು ಬೇಕು. ಹಲಗೆಗೆ ಕೆಂಡದ ಬೋಗುಣಿ ಸರಿಯೆನಿಸುತ್ತದೆ. ಡಂಪ್ ಕೇಕಿಗೆ ‘ಸುರಿದ ಕೇಕು’ ಎನ್ನಬಹುದು. ಕಲಸದೆ ಸುರಿಯುವುದೇ ಅದರ ಗುಟ್ಟು, ಮಕ್ಕಳು ಸೌಟು ಹಾಕುವುದೂ ತಪ್ಪುತ್ತದೆ.

ಪ್ರಶ್ನೆ ಕೇಳಿದವರು, ಶುಕ್ರವಾರ ರಾತ್ರಿ

ಎಲ್ಲರಿಗೂ ಕೃತಜ್ಞ. ಹಲಗೆ ಬರೆದಾಯಿತು, ಬಣ್ಣ ಒಣಗುತ್ತಿದೆ. ಬರೆದದ್ದು ಇಷ್ಟು:

ಕೆಂಡದ ಬೋಗುಣಿ
ಸುರಿದ ಪೀಚ್ ಕೇಕು
ಮುಚ್ಚಳದ ಮೇಲೆ 15 ಇದ್ದಿಲು, ಅಡಿಯಲ್ಲಿ 9
ಕಾಲು ಗಂಟೆಗೊಮ್ಮೆ ಬೋಗುಣಿಯನ್ನು ಬಲಕ್ಕೆ ಕಾಲುಸುತ್ತು, ಮುಚ್ಚಳವನ್ನು ಎಡಕ್ಕೆ ಕಾಲುಸುತ್ತು
ಮುಚ್ಚಳ ನೆಟ್ಟಗೆ ಎತ್ತಿ, ಬೂದಿ ಬೀಳುತ್ತದೆ

ಕೊನೆಯ ಸಾಲು ಪುತ್ತೂರಿನ ಅಮ್ಮನವರದು. ಧಾರವಾಡದವರಿಗೆ ಒಂದು ಸಮಾಧಾನ: ಗುಡಾರಗಳ ಕಡೆ ಬಾಣ ತೋರಿಸುವ ಚಿಕ್ಕ ಹಲಗೆಯಲ್ಲಿ ‘ನಮ್ಮ ಬೀಡು’ ಎಂದು ಬರೆದಿದ್ದೇನೆ. ಹೆಸರನ್ನು ಮಗಳಿಗೆ ಓದಿಸಿದೆ. ಕೆಂಡ ಎಂದರೇನು ಎಂದು ಕೇಳಿದಳು. ಒಂಬತ್ತು ವರ್ಷ ಕನ್ನಡ ಕಲಿಸಿದರೂ ಮನೆಯಲ್ಲಿ ಕೆಂಡ ತೋರಿಸಿರಲಿಲ್ಲ. ನಾಳೆ ತೋರಿಸುತ್ತೇನೆ.

ಉತ್ತರ: ಮೈಸೂರಿನಿಂದ

ಮೂರನೆಯ ಸಾಲು ತಿದ್ದಿ. ಹೊತ್ತಿಸದೆ ಇರುವುದು ಇದ್ದಿಲು, ಮುಚ್ಚಳದ ಮೇಲೆ ಇಡುವುದು ಕೆಂಡ. ಬಣ್ಣ ಒಣಗುವ ಮುನ್ನ ಒರೆಸಿದರೆ ಗುರುತು ಉಳಿಯುವುದಿಲ್ಲ.