45 ಪೌಂಡಿನ ರಿಕರ್ವ್ (ತುದಿ ಮುಂದಕ್ಕೆ ಬಾಗಿದ) ಬಿಲ್ಲಿಗೆ ಯಾವ ಬಾಣ? ಅನುಭವವಿದ್ದವರು ತಿಳಿಸಿ

ಪಿಟ್ಸ್‌ಬರ್ಗ್ ಹೊಸಬ: ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ಜಿಂಕೆ ಬೇಟೆಗೆ ಹೊರಡುವ ಆಸೆ. ಬಿಲ್ಲು 28 ಇಂಚು ಎಳೆದಾಗ 45 ಪೌಂಡ್ ಬಲದ್ದು, ನನ್ನ ಎಳೆತ 27 ಇಂಚು. ಬಾಣ 600 ಸ್ಪೈನ್‌ನ (ಬಾಗುವ ಅಳತೆ, ಕಾರ್ಬನ್‌ನಲ್ಲಿ ಅಂಕಿ ಕಡಿಮೆಯಾದಷ್ಟೂ ಗಡುಸು) ಕಾರ್ಬನ್, ಪೂರ್ತಿ ಉದ್ದ, ಮೊನೆ 200 ಗ್ರೇನ್ (ಗ್ರಾಂಗಿಂತ ಚಿಕ್ಕ ತೂಕದ ಅಳತೆ). ಬಲಗೈಯವನು. ಪರೀಕ್ಷೆಗೆಂದು ಬಿಟ್ಟ ಗರಿಯಿಲ್ಲದ ಬಾಣ ಗರಿಯಿರುವುದಕ್ಕಿಂತ ಎಡಕ್ಕೆ ಬೀಳುತ್ತಿದೆ. ಬಾಣ ಗಡುಸು, ಮೊನೆಯ ತೂಕ ಇನ್ನೂ ಏರಿಸಿ, ಆಗ ಹೆಚ್ಚು ಬಾಗುತ್ತದೆ ಎನ್ನುತ್ತಾರೆ ಅಂಗಡಿಯವರು. ಏರಿಸಲೇ? ಮರದ ಬಾಣಕ್ಕೆ ಹೋಗಲೇ?

ಸೀಡರ್ ಪ್ರಿಯ, ಒರೆಗಾನ್: ಮರಕ್ಕೆ ಬನ್ನಿ. ನಮ್ಮಲ್ಲಿ ಬೆಳೆಯುವ ಪೋರ್ಟ್ ಆರ್ಫರ್ಡ್ ಸೀಡರ್ ಬಿಟ್ಟು ಬೇರೇನನ್ನೂ ನಾನು ಹೆದೆಗೆ ಏರಿಸಿಲ್ಲ. ಅಗ್ಗವಲ್ಲ. ಒಂದು ಡಜನ್ ಕಡ್ಡಿಗೆ 78 ಡಾಲರ್, ಟರ್ಕಿ ಗರಿಗೆ 24, ನಾಕ್ (ಹೆದೆಗೆ ಸಿಕ್ಕಿಸುವ ಕಚ್ಚು), ಅಂಟು, ವಾರ್ನಿಷ್ ಸೇರಿ ಇನ್ನೊಂದು 30. ಬಂದ ಹನ್ನೆರಡರಲ್ಲಿ ನಾಲ್ಕು ಸೊಟ್ಟ. 45–50 ಪೌಂಡ್ ಬಿಲ್ಲಿನದೆಂದು ಮುದ್ರೆ ಒತ್ತಿದ ಕಟ್ಟಿನಲ್ಲಿ ಒಂದು 41, ಇನ್ನೊಂದು 56! ಮಾರಿದವನು ಫೋನ್ ಎತ್ತಲಿಲ್ಲ. ಆ ಸಿಟ್ಟಿಗೆ 190 ಡಾಲರ್ ಸುರಿದು ಸ್ಪೈನ್ ಅಳೆಯುವ ಸಾಧನವನ್ನೇ ಕೊಂಡೆ. 26 ಇಂಚು ಅಂತರದಲ್ಲಿ ಎರಡು ಆಸರೆ, ನಡುವೆ 2 ಪೌಂಡ್ ಭಾರ. ಕಡ್ಡಿ ಎಷ್ಟು ಇಂಚು ಬಾಗಿತೋ ಅದರಿಂದ 26ನ್ನು ಭಾಗಿಸಿದರೆ ಎಷ್ಟು ಪೌಂಡಿನ ಬಿಲ್ಲಿಗೆ ಎಂಬ ಲೆಕ್ಕ ಸಿಗುತ್ತದೆ. ಈಗ ಒಂದೊಂದನ್ನೂ ಅಳೆದು, ತೂಗಿ, ಮರದ ಎಳೆಗೆ ಅಡ್ಡವಾಗಿ ನಾಕ್ ಕೂರಿಸುತ್ತೇನೆ. ಕಾರ್ಬನ್ ಕೊಳವೆಗೆ ಈ ಮರ್ಯಾದೆ ಯಾರು ಕೊಡುತ್ತಾರೆ?

ಮಿಶಿಗನ್ ರಾಯರು: ಮರ್ಯಾದೆ ಯಾರಿಗೆ ಬೇಕು? ನೇರವಾಗಿ ಹಾರಿದರೆ ಸಾಕು. ನವೆಂಬರ್ ಮಳೆಯಲ್ಲಿ ನಿಮ್ಮ ಸೀಡರ್ ಸಂಜೆಯ ಹೊತ್ತಿಗೆ ಹುಣಸೆ ಬರಲು. ನನ್ನದು 47 ಪೌಂಡ್. 500 ಸ್ಪೈನ್, 30 ಇಂಚು, ಮೊನೆ 175, ಮೊನೆ ಕೂರಿಸುವ ಹಿತ್ತಾಳೆಯ ಇನ್ಸರ್ಟ್ 50, ಒಟ್ಟು 512 ಗ್ರೇನ್. ಬಿಲ್ಲಿನ ಪೌಂಡಿಗೆ ಹತ್ತಿರ ಹತ್ತಿರ 11 ಗ್ರೇನ್. ಇಲ್ಲಿಗೆ ಮುಟ್ಟಲು ಬಗೆಬಗೆಯ ತೂಕದ ಮೊನೆಗಳಿಗೆ 40 ಡಾಲರ್, ಹುಲ್ಲಿನೊಳಗೆ ನುಸುಳಿ ಮಾಯವಾದ ಪ್ರತಿ ಬಾಣಕ್ಕೆ 8, ಬ್ರಾಡ್‌ಹೆಡ್ (ಬೇಟೆಯ ಅಲಗು ಮೊನೆ) ಸಮೇತ ಹೋದರೆ 23. ಆದರೂ ಸೀಡರ್ ಕಟ್ಟಿನಂತೆ ಯಾವ ಕಡ್ಡಿ ಯಾವ ಜಾತಿ ಎಂದು ಕುಂಡಲಿ ನೋಡುವ ಕೆಲಸವಿಲ್ಲ.

ಸೀಡರ್ ಪ್ರಿಯ: ಬಿರುಕು ಬಿಟ್ಟ ಕಾರ್ಬನ್ ಹೆದೆಯ ಮೇಲೆಯೇ ಸಿಡಿದು ಅಂಗೈಗೆ ನಾಟಿದರೆ ಆಸ್ಪತ್ರೆಯ ಬಿಲ್ಲಿಗೆ ಎಷ್ಟು ಗ್ರೇನ್ ಎಂಬುದನ್ನೂ ಬರೆಯಿರಿ.

ಮಿಶಿಗನ್ ರಾಯರು: ಪ್ರತಿ ಸಲ ಬಗ್ಗಿಸಿ, ಸದ್ದು ಕೇಳಿ, ಆಮೇಲೆ ಹೂಡುತ್ತೇನೆ. ಮರದ ಬಾಣ ಒಡೆದು ಸಿಡಿಯುವುದೇ ಇಲ್ಲವೋ?

ಆಸ್ಟಿನ್ ಅಣ್ಣ: ಇಬ್ಬರೂ ಸ್ವಲ್ಪ ಉಸಿರಾಡಿ. ಕೇಳಿದವರ ಬಾಣ ಗಡುಸು ಎಂದು ಒಪ್ಪಿಕೊಂಡವರು ಯಾರು? ಬಾಣ ತೀರಾ ಮೆದುವಾಗಿದ್ದರೆ ಬಿಲ್ಲಿನ ಹಿಡಿಗೆ ಬಡಿದು ಎಡಕ್ಕೆ ಚಿಮ್ಮಿ ಗಡುಸಿನ ಸೋಗು ಹಾಕುತ್ತದೆ. ಹಿಡಿಯ ಪಕ್ಕಕ್ಕೆ ಲಿಪ್‌ಸ್ಟಿಕ್ ಸವರಿ ಹೊಡೆಯಿರಿ, ಬಾಣದ ಹಿಂಭಾಗಕ್ಕೆ ಬಣ್ಣ ತಗುಲಿದೆಯೇ ನೋಡಿ. ಮೊನೆಯನ್ನು 125ಕ್ಕೆ ಇಳಿಸಿದಾಗ ಬಾಣ ಬಲಕ್ಕೆ ಸರಿದರೆ ಮೆದುವೇ, ಅನುಮಾನವೇ ಬೇಡ. ನನಗೂ ಅಂಗಡಿಯೊಂದರಲ್ಲಿ ಇದೇ ಉಪದೇಶ ಕೊಟ್ಟು 300 ಗ್ರೇನ್ ಮೊನೆಗಳನ್ನು ಕಟ್ಟಿದರು. ಸಾಲದ್ದಕ್ಕೆ ಒಂದೇ ಬಾಣಕ್ಕೆ ಹಕ್ಕಿಯ ಎಡರೆಕ್ಕೆಯ ಗರಿ ಎರಡು, ಎದುರು ಬಾಗಿನ ಬಲರೆಕ್ಕೆಯದು ಒಂದು ಅಂಟಿಸಿದ್ದರು! ಕಿತ್ತು ಮತ್ತೆ ಅಂಟಿಸಲು 36 ಡಾಲರ್ ಕೇಳಿದರು. ಬಲರೆಕ್ಕೆಯ ಗರಿಯೇ ಮೇಲು, ಅದು ಬೇರೆ ಮಾತು.

ಸೀಡರ್ ಪ್ರಿಯ: ಯಾವ ರೆಕ್ಕೆಯಾದರೂ ಒಂದೇ, ಬೆರೆಸಬಾರದು ಅಷ್ಟೆ. ಎಡರೆಕ್ಕೆಯದರಲ್ಲೇ ನನಗೆ ಜಿಂಕೆ ಬಿದ್ದಿದೆ.

ಮೈಸೂರಿನಿಂದ: ನಿಮ್ಮದು ಡಾಲರ್ ಗೋಳು. ನಾನು ತರಿಸಿದ ಆರು ಕಡ್ಡಿಗೆ ಸುಂಕ, ಕೊರಿಯರ್ ಸೇರಿ ಬೆಲೆ ಎರಡರಷ್ಟಾಯಿತು, ಒಂದು ಮುರಿದೇ ಬಂತು. ಹೊಡೆಯುವುದು ಫೋಮ್ ಗುರಿಗೆ. 1972ರ ವನ್ಯಜೀವಿ ಕಾಯ್ದೆ ಇಲ್ಲಿದೆ. ಅಲ್ಲಿ ಕೂತು ಜಿಂಕೆ ಕೊಂದೆ ಎಂದು ಬೀಗುವುದು ಶೋಭೆಯೇ?

ಮಿಶಿಗನ್ ರಾಯರು: ಅದೇ 1972ರಲ್ಲಿ ಇಲ್ಲಿ ಬಂದೂಕಿನ ತೆರಿಗೆಯನ್ನು ವನ್ಯಜೀವಿ ರಕ್ಷಣೆಗೆ ಮೀಸಲಿಟ್ಟ 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಗೆ ತಿದ್ದುಪಡಿ ತಂದು ಬಿಲ್ಲುಬಾಣಗಳ ತೆರಿಗೆಯನ್ನೂ ವನ್ಯಜೀವಿ ನಿಧಿಗೆ ಸೇರಿಸಿದರು. ನಾನು ಕಳೆದುಕೊಂಡ ಪ್ರತಿ ಬಾಣವೂ ಆ ನಿಧಿಗೆ ಕಾಣಿಕೆ ಕೊಟ್ಟೇ ಹೋಗಿದೆ. ಬೀಗುತ್ತೇನೆ.

ಮೈಸೂರಿನಿಂದ: ತೆರಿಗೆ ಕಟ್ಟಿದರೆ ಪಾಪ ಕಳೆಯುತ್ತದೆ ಎನ್ನಿ!

ಪಿಟ್ಸ್‌ಬರ್ಗ್ ಹೊಸಬ: ಮನೆಯಲ್ಲಿ ಲಿಪ್‌ಸ್ಟಿಕ್ ಕೊಡಲಿಲ್ಲ. ಕುಂಕುಮಕ್ಕೆ ಎಣ್ಣೆ ಕಲಸಿ ಹಚ್ಚಿದೆ. ಬಾಣದ ಹಿಂಭಾಗವೆಲ್ಲ ಕೆಂಪು.

ಆಸ್ಟಿನ್ ಅಣ್ಣ: ಮೆದು. ಕಾಲು ಕಾಲು ಇಂಚು ಕತ್ತರಿಸುತ್ತಾ ಬನ್ನಿ, ಗಿಡ್ಡವಾದಷ್ಟೂ ಗಡುಸಾಗುತ್ತದೆ.

ಮಿಶಿಗನ್ ರಾಯರು: ಕತ್ತರಿಸಬೇಡಿ! 600 ಹಿಂದಿರುಗಿಸಿ 500 ಕೊಳ್ಳಿ. ಗರಗಸ ಮುಟ್ಟಿದ ಬಾಣವನ್ನು ಯಾವ ಅಂಗಡಿಯೂ ವಾಪಸ್ ತೆಗೆದುಕೊಳ್ಳುವುದಿಲ್ಲ. ನನ್ನ 96 ಡಾಲರ್ ಹೋದದ್ದು ಹಾಗೆಯೇ, ಅದೂ ಇಂತಹ ಅಣ್ಣನೊಬ್ಬನ ಮಾತು ಕೇಳಿ.