ಮಾವಿನ ಪೆಟ್ಟಿಗೆಯೊಳಗಿನ ಪೊಟ್ಟಣ

ಭಾವ: ಈ ವಿಡಿಯೋವನ್ನು ಎಲ್ಲರೂ ನೋಡಬೇಕು. ಮಾವಿನ ಪೆಟ್ಟಿಗೆಯಲ್ಲಿ ಕಾಯಿ ಮಾಗಿಸಲು ಇಟ್ಟ ಪೊಟ್ಟಣ ಕಂಡರೆ ಅದು ವಿಷ, ಹಣ್ಣನ್ನು ತಿಪ್ಪೆಗೆ ಸುರಿಯಿರಿ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಮಕ್ಕಳಿರುವ ಮನೆಯವರು ಈ ವರ್ಷ ಮಾವನ್ನೇ ಕೊಳ್ಳದಿರುವುದು ಒಳ್ಳೆಯದು.

ಶ್ರೀನಿವಾಸಪುರದ ಚಿಕ್ಕಪ್ಪ: ಅಳಿಯಂದಿರೇ, ಹೂವಿಗೆ ಬೀಳುವ ಜಿಗಿಹುಳು, ಕಾಯಿಗೆ ಬೀಳುವ ಆಲಿಕಲ್ಲು ಎಲ್ಲವನ್ನೂ ದಾಟಿಸಿ ಬಾದಾಮಿ, ರಸಪುರಿಯನ್ನು ಮಂಡಿಗೆ ತರುವ ನಮ್ಮಂಥವರ ಹೊಟ್ಟೆಯ ಮೇಲೆ ಇಂಥ ವಿಡಿಯೋ ಹೊಡೆಯುತ್ತದೆ. ಹಿರಿಯರು ಹುಲ್ಲಿನಲ್ಲಿ ಅಡೆ ಹಾಕುತ್ತಿದ್ದಾಗ ಯಾವ ರಾಸಾಯನಿಕವೂ ಇರಲಿಲ್ಲ ಎಂಬುದನ್ನು ಮಾತ್ರ ಒಪ್ಪುತ್ತೇನೆ.

ನಾನು: ಚಿಕ್ಕಪ್ಪ, ಆಗಲೂ ರಾಸಾಯನಿಕವಿತ್ತು, ಅದನ್ನು ಕಾಯಿಯೇ ತಯಾರಿಸುತ್ತಿತ್ತು. ಬಲಿತ ಕಾಯಿ ಹೊರಬಿಡುವ ಎಥಿಲೀನ್ ಅನಿಲ ಗಾಳಿಗೆ ಹಾರಿಹೋಗದಂತೆ ಹುಲ್ಲು ತಡೆಯುತ್ತಿತ್ತು. ಎರಡು ಇಂಗಾಲ, ನಾಲ್ಕು ಜಲಜನಕದ ಪರಮಾಣುಗಳಷ್ಟೇ ಇರುವ ಆ ಪುಟ್ಟ ಅಣುವಿನ ಸೂಚನೆಯಂತೆ ಕಾಯಿಯ ಪಿಷ್ಟ ಸಕ್ಕರೆಯಾಗುತ್ತದೆ, ಪೆಕ್ಟಿನ್ ಸಡಿಲಗೊಂಡು ತಿರುಳು ಮೆತ್ತಗಾಗುತ್ತದೆ, ಸಿಪ್ಪೆಯ ಹಸಿರು ಮರೆಯಾಗುತ್ತದೆ. ಹಣ್ಣುಗಳೇ ಇದನ್ನು ಉತ್ಪಾದಿಸುತ್ತವೆ ಎಂಬುದನ್ನು ರಿಚರ್ಡ್ ಗೇನ್ 1934ರಲ್ಲಿ ಸೇಬಿನ ಮೂಲಕ ತೋರಿಸಿದರು.

ಭಾವ, ನೀವು ಕಳಿಸಿದ ವಿಡಿಯೋ ಎರಡು ಬೇರೆ ವಸ್ತುಗಳನ್ನು ಒಂದೇ ಎಂದು ತೋರಿಸಿದೆ. ಕ್ಯಾಲ್ಸಿಯಂ ಕಾರ್ಬೈಡ್ ತೇವ ತಾಗಿದೊಡನೆ ಬಿಡುವುದು ವೆಲ್ಡಿಂಗ್ ಅಂಗಡಿಯ ಅಸಿಟಿಲೀನ್. ಅದು ಎಥಿಲೀನನ್ನು ಹೋಲುವುದರಿಂದ ಕಾಯಿ ಅದಕ್ಕೂ ಓಗೊಡುತ್ತದೆ. ಕಾರ್ಖಾನೆಯ ಕಾರ್ಬೈಡಿನಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶ ಬೆರೆತಿರುವುದರಿಂದ ಅದರಿಂದ ಹಣ್ಣು ಮಾಗಿಸುವುದನ್ನು 2011ರ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಎಥಿಲೀನ್ ಅನಿಲಕ್ಕಾದರೋ, ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗದವರೆಗೆ ಅನುಮತಿಯಿದೆ. ಅದನ್ನು ಬಿಡುವ ಪೊಟ್ಟಣವನ್ನೂ ಹಣ್ಣಿಗೆ ನೇರವಾಗಿ ತಾಗದಂತೆ ಇಡಬಹುದು.

ಭಾವ: ನಮ್ಮ ಪೆಟ್ಟಿಗೆಯ ಪೊಟ್ಟಣದಲ್ಲಿ ಬಿಳಿ ಪುಡಿಯಿದೆ. ಕಾರ್ಬೈಡ್ ಎಂದರೆ ಬೂದು ಬಣ್ಣದ ಕಲ್ಲು ತಾನೇ? ಹಾಗಾದರೆ ತಿನ್ನಬಹುದು ಎಂದಾಯಿತು.

ನಾನು: ದಯವಿಟ್ಟು ಬಣ್ಣ ನೋಡಿ ತೀರ್ಮಾನಿಸಬೇಡಿ. ಕಾರ್ಬೈಡ್ ತನ್ನ ಅನಿಲವನ್ನೆಲ್ಲ ಬಿಟ್ಟ ಮೇಲೆ ಉಳಿಯುವುದು ಅರಳಿದ ಸುಣ್ಣ, ಅದೂ ಬೆಳ್ಳಗೇ ಇರುತ್ತದೆ. ತಯಾರಕರ ಹೆಸರು, ಒಳಗಿನ ವಸ್ತುವಿನ ವಿವರ ಯಾವುದೂ ಅಚ್ಚಾಗಿರದ ಬರೀ ಕಾಗದದ ಪೊಟ್ಟಣವಾಗಿದ್ದರೆ, ಅಥವಾ ಪೆಟ್ಟಿಗೆ ತೆರೆದಾಗ ಬೆಳ್ಳುಳ್ಳಿಯಂಥ ವಾಸನೆ ಬಂದರೆ, ಆ ಹಣ್ಣು ಮಕ್ಕಳಿಗೆ ಬೇಡ. ವಾಸನೆ ರಂಜಕದ ಕಲ್ಮಶದಿಂದ ಹುಟ್ಟಿದ ಫಾಸ್ಫೀನಿನದು. ಹೊತ್ತು ಕಳೆದಂತೆ ಅದು ಆರಿಹೋಗುತ್ತದೆ, ಆದ್ದರಿಂದ ವಾಸನೆಯಿಲ್ಲದ ಮಾತ್ರಕ್ಕೆ ನಂಬುವಂತೆಯೂ ಇಲ್ಲ.

ಭಾವ: ಪೊಟ್ಟಣದ ಮೇಲೆ ಒಂದಕ್ಷರವೂ ಇಲ್ಲ. ಅಂದ ಮೇಲೆ ವಿಡಿಯೋ ಹೇಳಿದ್ದೇ ಸರಿಯಾಯಿತಲ್ಲ!

ನಾನು: ನಿಮ್ಮ ಪೆಟ್ಟಿಗೆಯ ಮಟ್ಟಿಗೆ ಸರಿ, ಅದನ್ನು ಅಂಗಡಿಗೆ ಹಿಂದಿರುಗಿಸಿ. ಮಾವನ್ನೇ ಕೊಳ್ಳಬೇಡಿ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ.

ಚಿಕ್ಕಪ್ಪ: ಬೇಗ ಬೆಲೆ ಸಿಗಲೆಂದು ಎಳೆಗಾಯಿ ಕಿತ್ತು ಕಾರ್ಬೈಡ್ ಇಡುವವರು ಇದ್ದಾರೆ, ನಾನು ಅಲ್ಲಗಳೆಯುವುದಿಲ್ಲ. ಅಂಥ ಕಾಯಿಗೆ ಹೊರಗೆ ಬಣ್ಣ ಬಂದರೂ ಒಳಗೆ ಹುಳಿ ಹೋಗುವುದಿಲ್ಲ. ಭಾನುವಾರ ತೋಟಕ್ಕೆ ಬನ್ನಿ, ಬಲಿತ ಬಾದಾಮಿ ಕೊಡುತ್ತೇನೆ. ಮನೆಯಲ್ಲಿ ಹುಲ್ಲಿಲ್ಲದಿದ್ದರೆ ಒಂದು ಮಾಗಿದ ಬಾಳೆಹಣ್ಣಿನೊಂದಿಗೆ ಅಕ್ಕಿಯ ಡಬ್ಬದಲ್ಲಿಡಿ.